ತನ್ನ ಶ್ವಾಸಕೋಶವನ್ನೇ ಲ್ಯಾಬ್ ಮಾಡಿಕೊಂಡ ಹಾಲ್ಡೇನ್

ಕಲ್ಲಿದ್ದಲು ಗಣಿಯೊಳಗೆ ಪಂಜರದಲ್ಲಿ ಕ್ಯಾನರಿ ಹಕ್ಕಿ ತಗೊಂಡು ಹೋಗ್ತಿದ್ರು ಅನ್ನೋದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಆ ಐಡಿಯಾ ಯಾರದ್ದು ಅಂತ ಕೇಳಿದ್ರೆ ಮಾತ್ರ ಇಡೀ ಕ್ಲಾಸ್ ಸೈಲೆಂಟ್. ಅವರ ಹೆಸರು ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಲ್ಲೇ 1884ರಲ್ಲಿ ಮೆಡಿಸಿನ್ ಮುಗಿಸಿದರು. ಆದರೆ ರೋಗಿಗಳನ್ನು ನೋಡುವ ಡಾಕ್ಟರ್ ಆಗಲಿಲ್ಲ, ಗಾಳಿಯನ್ನು ಪರೀಕ್ಷಿಸುವ ಡಾಕ್ಟರ್ ಆದರು. ಡಂಡಿ ಊರಿನಲ್ಲಿ ಬಡವರ ಇಕ್ಕಟ್ಟಿನ ಮನೆಗಳಿಗೆ ರಾತ್ರಿ ಹೊತ್ತು ಹೋಗಿ ಬಾಟಲಿಯಲ್ಲಿ ಗಾಳಿ ತುಂಬಿಸಿಕೊಂಡು ಬರೋದು ಅವರ ಮೊದಲ ರಿಸರ್ಚ್. ಆಮೇಲೆ ಆಕ್ಸ್‌ಫರ್ಡ್ ಸೇರಿದರು, ಕೊನೆವರೆಗೂ ಅದೇ ಅವರ ಊರಾಯ್ತು.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟ ಆಗಿ 57 ಕಾರ್ಮಿಕರು ಸತ್ತರು. ಸ್ಫೋಟದ ಹೊಡೆತಕ್ಕೇ ಸತ್ತಿರಬೇಕು ಅಂತ ಯಾರಿಗಾದರೂ ಅನಿಸುತ್ತೆ. ಹಾಲ್ಡೇನ್ ಹೋಗಿ ಶವಗಳನ್ನು ನೋಡಿದಾಗ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ರಕ್ತದ ಹಿಮೋಗ್ಲೋಬಿನ್‌ಗೆ ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡಾಗ ಹೀಗಾಗುತ್ತೆ. ಅಂದರೆ ಹೆಚ್ಚಿನವರು ಸ್ಫೋಟದಲ್ಲಿ ಬದುಕಿ, ಆಮೇಲೆ ಹರಡಿದ ವಿಷಗಾಳಿ ಕುಡಿದು ಸತ್ತಿದ್ದರು. ಸಮಯಕ್ಕೆ ಎಚ್ಚರಿಕೆ ಸಿಕ್ಕಿದ್ದರೆ ಎಷ್ಟೋ ಜನ ಉಳೀತಿದ್ದರು. ಈ ಅನಿಲದ ಬಗ್ಗೆ ಅವರಿಗೆ ಮೊದಲೇ ಚೆನ್ನಾಗಿ ಗೊತ್ತಿತ್ತು, ಯಾಕಂದ್ರೆ ಹಿಂದಿನ ವರ್ಷವೇ ಕಾರ್ಬನ್ ಮೊನಾಕ್ಸೈಡ್ ಅನ್ನು ತಾವೇ ಉಸಿರಾಡಿ, ಕಾಲು ನಡುಗುವವರೆಗೂ ನೋಟ್ಸ್ ಬರೆದಿದ್ದರು. ಸಣ್ಣ ಪ್ರಾಣಿಯ ಮೆಟಬಾಲಿಸಂ ಜೋರು, ಹಾಗಾಗಿ ಮನುಷ್ಯನಿಗಿಂತ ಬಹಳ ಮೊದಲೇ ಅದು ಬೀಳುತ್ತೆ. ಇದೇ ಲೆಕ್ಕದ ಮೇಲೆ ಇಲಿ, ಕ್ಯಾನರಿ ಗಣಿಗೆ ಇಳಿದವು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಡ್ಯೂಟಿ 1986ರವರೆಗೂ ನಡೀತು.

ಮಗನನ್ನೂ ಬಿಡಲಿಲ್ಲ. ಮೀಥೇನ್ ಹಗುರ, ಸುರಂಗದ ಛಾವಣಿಯ ಹತ್ತಿರ ಸೇರಿಕೊಳ್ಳುತ್ತೆ ಅಂತ ತೋರಿಸೋಕೆ ಹುಡುಗನನ್ನು ನೇರ ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸು ಅಂದರು. ಅವನು ಸ್ವಲ್ಪ ಹೊತ್ತಲ್ಲೇ ಕುಸಿದ, ನೆಲದ ಹತ್ತಿರದ ಗಾಳಿ ಸಿಕ್ಕಿ ಚೇತರಿಸಿಕೊಂಡ. (ನಮ್ಮನೇಲಿ ಹೀಗಾಗಿದ್ರೆ ಅಮ್ಮ ಅಪ್ಪನಿಗೆ ಊಟ ಹಾಕ್ತಿರಲಿಲ್ಲ.) ಆ ಹುಡುಗನೇ ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್.

ಡೈವಿಂಗ್ ಮಾಡುವವರ ಡಿಕಂಪ್ರೆಷನ್ ಟೇಬಲ್, ಉಸಿರಾಟವನ್ನು ಕಂಟ್ರೋಲ್ ಮಾಡೋದು ಕಾರ್ಬನ್ ಡೈಆಕ್ಸೈಡ್ ಅನ್ನುವ ಶೋಧ, 1915ರ ಯುದ್ಧದಲ್ಲಿ ಕ್ಲೋರಿನ್ ದಾಳಿಯ ತನಿಖೆ, ಹೀಗೆ ಅವರ ಲಿಸ್ಟ್ ಉದ್ದ ಇದೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅವರು ಧೂಳಿನ ವಿಷಯದಲ್ಲಿ ಎಡವಿದ್ದು.

1904ರಲ್ಲಿ ಕಾರ್ನ್‌ವಾಲ್‌ನ ತವರದ ಗಣಿಗಳ ಬಗ್ಗೆ ಅವರ ತಂಡದ ವರದಿ ಬಂತು. ಕಲ್ಲು ಕೊರೆಯುವ ಡ್ರಿಲ್‌ನಿಂದ ಏಳುವ ಧೂಳೇ ಕಾರ್ಮಿಕರ ಶ್ವಾಸಕೋಶ ಹಾಳು ಮಾಡ್ತಿದೆ, ನೀರು ಚಿಮುಕಿಸಿ ಕೊರೆಯಬೇಕು ಅಂತ ಅದು ಹೇಳಿತು. ಇದು ಸರಿಯೇ. ಕ್ವಾರ್ಟ್ಜ್ ಧೂಳಿನಿಂದ ಬರುವ ಸಿಲಿಕೋಸಿಸ್ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲೂ ಕಾಣಿಸಿತ್ತು. ಆದರೆ ಕಲ್ಲಿದ್ದಲು ಗಣಿಯವರಿಗೆ ಈ ಕಾಯಿಲೆ ಅಷ್ಟಾಗಿ ಯಾಕಿಲ್ಲ? ಶ್ವಾಸಕೋಶದಲ್ಲಿ ಧೂಳು ನುಂಗಿ ಹೊರಗೆ ಸಾಗಿಸುವ ಕೋಶಗಳಿವೆ. ಕಲ್ಲಿದ್ದಲಿನ ಧೂಳು ಅವುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತೆ, ಜೊತೆಗಿರುವ ಕ್ವಾರ್ಟ್ಜ್ ಕೂಡ ಹೊರಗೆ ಹೋಗುತ್ತೆ ಅಂತ ಹಾಲ್ಡೇನ್ ತರ್ಕ ಮಾಡಿದರು. ಒಂದು ಕಣ ಇನ್ನೊಂದರ ವಿಷವನ್ನು ಬದಲಾಯಿಸಬಹುದು ಅನ್ನೋದು ಆ ಕಾಲಕ್ಕೆ ನಿಜಕ್ಕೂ ದೊಡ್ಡ ಯೋಚನೆ. ಅದರಲ್ಲಿ ಸತ್ಯವೂ ಇತ್ತು: ಜೇಡಿಮಣ್ಣಿನ ಅಂಶ ಮೇಲೆ ಕೂತರೆ ಕ್ವಾರ್ಟ್ಜ್ ಕಡಿಮೆ ಹಾನಿ ಮಾಡುತ್ತೆ ಅಂತ ಈಗ ಗೊತ್ತಾಗಿದೆ. ಆದರೆ ಅಲ್ಲಿಂದ ಅವರು ಕಲ್ಲಿದ್ದಲಿನ ಧೂಳೇ ಅಪಾಯವಿಲ್ಲದ್ದು ಅಂತ ನಂಬಿಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಹೇಳಿದ ಮೇಲೆ ಉಳಿದವರೂ ನಂಬಿದರು. ಬರೀ ಕಲ್ಲಿದ್ದಲಿನ ಧೂಳಿನಿಂದಲೂ ಶ್ವಾಸಕೋಶ ಕೆಡುತ್ತೆ ಅಂತ ಒಪ್ಪಿ ಬ್ರಿಟನ್ ಪರಿಹಾರ ಕೊಡೋಕೆ ಶುರು ಮಾಡಿದ್ದು 1943ರಲ್ಲಿ.

ಅದೇ ವರ್ಷ ಕೆನಡಾದ ಒಂಟಾರಿಯೋದಲ್ಲಿ ಇನ್ನೊಂದು ಶುರುವಾಯ್ತು. ಸಿಲಿಕೋಸಿಸ್ ತಡೀಬಹುದು ಅಂತ ಗಣಿ ಕಾರ್ಮಿಕರನ್ನು ಶಿಫ್ಟ್‌ಗೆ ಮುಂಚೆ ಒಂದು ರೂಮಲ್ಲಿ ಕೂರಿಸಿ, ನುಣ್ಣಗೆ ಪುಡಿ ಮಾಡಿದ ಅಲ್ಯೂಮಿನಿಯಂ ಧೂಳನ್ನು ಉಸಿರಾಡಿಸ್ತಿದ್ರು. 1979ರವರೆಗೂ ಇದು ನಡೀತು. ಆ ಕಾರ್ಮಿಕರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚು ಅಂತ ಇತ್ತೀಚೆಗೆ ತಿಳಿದುಬಂತು.

ಈಗ ನಾವು ಬೇಕಂತಲೇ ನ್ಯಾನೋ ಕಣಗಳನ್ನು ತಯಾರಿಸ್ತೀವಿ. ಕಣ ಚಿಕ್ಕದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಜಾಸ್ತಿ, ಹೊಗೆಯಲ್ಲಿರುವ ರಾಸಾಯನಿಕ, ಲೋಹದ ಅಯಾನು ಎಲ್ಲ ಅದಕ್ಕೆ ಅಂಟಿಕೊಳ್ಳುತ್ತೆ. ಗಟ್ಟಿಯಾಗಿ ಹಿಡಿದಿಟ್ಟುಕೊಂಡರೆ ವಿಷ ಕೋಶಕ್ಕೆ ಸಿಗಲ್ಲ, ಹಾನಿ ಕಡಿಮೆ. ಆದರೆ ಕೋಶ ಕಣವನ್ನು ನುಂಗಿದ ಮೇಲೆ ಒಳಗೆ ವಿಷ ಬಿಟ್ಟುಕೊಂಡರೆ ಟ್ರೋಜನ್ ಕುದುರೆ ಕಥೆ, ಒಂಟಿಯಾಗಿ ಬಂದಿದ್ದರೆ ಅಷ್ಟು ವಿಷ ಒಳಗೇ ಹೋಗ್ತಿರಲಿಲ್ಲ. ಕಣವನ್ನೊಮ್ಮೆ, ವಿಷವನ್ನೊಮ್ಮೆ ಬೇರೆ ಬೇರೆ ಟೆಸ್ಟ್ ಮಾಡಿ ರಿಸಲ್ಟ್ ಕೂಡಿಸಿದರೆ ಉತ್ತರ ಬರಲ್ಲ. ಹಾಲ್ಡೇನ್ ತವರದ ಗಣಿಯನ್ನೂ ಕಲ್ಲಿದ್ದಲು ಗಣಿಯನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ದು ಇದೇ ಪ್ರಶ್ನೆ.

ಇದ್ಯಾವುದನ್ನೂ ನೋಡೋಕೆ ಅವರು ಇರಲಿಲ್ಲ. 75ನೇ ವಯಸ್ಸಲ್ಲೂ ಸುಮ್ಮನೆ ಕೂರದೆ, ಎಣ್ಣೆ ಸಂಸ್ಕರಣಾ ಘಟಕಗಳ ಕೆಲಸಗಾರರಿಗೆ ಬಿಸಿಲಿನ ಹೊಡೆತ ಯಾಕೆ ತಟ್ಟುತ್ತೆ ಅಂತ ತಿಳಿಯೋಕೆ ಪರ್ಷಿಯಾ, ಇರಾಕ್‌ಗೆ ಹೋಗಿ ಬಂದರು. ವಾಪಸ್ ಬಂದ ಸ್ವಲ್ಪ ದಿನಕ್ಕೇ, 1936ರ ಮಾರ್ಚ್ ತಿಂಗಳ ಒಂದು ಮಧ್ಯರಾತ್ರಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಕಾರಣ ನ್ಯುಮೋನಿಯಾ.