ಕುವೆಂಪು ಮತ್ತು ತಿರುಗಿ ಬಂದ ಬಾಣ

ನಮ್ಮ ಮುತ್ಯಾ ದೆವ್ವಕ್ಕೆ ಅಂಜಿದವರಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ಹುಣಸೆಮರದ ಕೆಳಗಿನಿಂದಲೇ ಒಬ್ಬರೇ ಹೊಲಕ್ಕೆ ಹೋಗಿ ಬರುತ್ತಿದ್ದರಂತೆ. ಆದರೆ ಅವರು ಹುಟ್ಟಿದೂರಿನ ಒಂದು ಓಣಿ ಬಂತೆಂದರೆ, ಹಾಡುಹಗಲಿನಲ್ಲಿಯೂ ಕಾಲಿನ ಕೆರವು ಕೈಗೆ ಬರುತ್ತಿದ್ದವಂತೆ. ಕೊಳಾರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಈ ಮಾತನ್ನು ಅವರು ನಗುತ್ತಲೇ ಹೇಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇಂಥ ಅಂಜಿಕೆಯನ್ನೇ ನಾಟಕವಾಗಿಸಿದ ಮಹನೀಯರೊಬ್ಬರಿದ್ದರೆಂದು ನಾನು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅವರೇ ಕುವೆಂಪು.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು 1904ರ ಡಿಸೆಂಬರ್ 29ರಂದು ಜನಿಸಿದರು. ಬೆಳೆದದ್ದು ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯ ಒಕ್ಕಲಿಗ ಮನೆತನದಲ್ಲಿ. ಸುತ್ತಲೂ ದಟ್ಟವಾದ ಕಾಡು, ಭೂತ ಪಂಜುರ್ಲಿಗಳ ನಂಬಿಕೆ. ಮೈಸೂರಿನಲ್ಲಿ ಓದುತ್ತಿದ್ದಾಗ ಅವರು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದರು. ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು. 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು.

ವಿದ್ಯಾರ್ಥಿಯಾಗಿದ್ದಾಗಲೇ ಬರೆದ 'ಜಲಗಾರ' ನಾಟಕದಲ್ಲಿ ಶಿವನು ದೇವಾಲಯವನ್ನು ಬಿಟ್ಟು, ಬೀದಿ ಗುಡಿಸುವವನ ವೇಷದಲ್ಲಿ ಬೀದಿ ಗುಡಿಸುವವನೆದುರು ನಿಲ್ಲುತ್ತಾನೆ. 1944ರ 'ಶೂದ್ರ ತಪಸ್ವಿ' ಇನ್ನೂ ಮುಂದೆ ಹೋಯಿತು. ರಾಮಾಯಣದಲ್ಲಿ ಬ್ರಾಹ್ಮಣನ ಮಗ ಅಕಾಲದಲ್ಲಿ ಸಾಯುತ್ತಾನೆ. ಶೂದ್ರನ ತಪಸ್ಸೇ ಕಾರಣವೆಂದು ರಾಮನು ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ಅವರ ನಾಟಕದಲ್ಲಿ ಮೃತ್ಯುದೇವತೆಯೇ ರಂಗಕ್ಕೆ ಬರುತ್ತಾಳೆ. ಪಾಪಿಯನ್ನು ಅರಸಿ ರಾಮನು ಬಿಟ್ಟ ಬ್ರಹ್ಮಾಸ್ತ್ರವು ಶಂಬೂಕನಿಗೆ ವಂದಿಸಿ, ದೂರು ತಂದವನ ಕಡೆಗೇ ತಿರುಗುತ್ತದೆ. ಅವನು ನಡುಗುತ್ತ ಓಡುತ್ತಾನೆ. ಕೊನೆಗೆ ತಪಸ್ವಿಗೆ ಕೈಮುಗಿದಾಗಲೇ ಅವನಿಗೆ ಬಿಡುಗಡೆ. ತಲೆತಲಾಂತರದಿಂದ ಅಂಜಿಸುತ್ತ ಬಂದವನು ಇಲ್ಲಿ ಒಂದು ಗಳಿಗೆ ತಾನೇ ಅಂಜುತ್ತಾನೆ. ಆದರೆ ಯಾರ ರಕ್ತವೂ ಬೀಳುವುದಿಲ್ಲ. ಅವನ ಕಣ್ಣು ತೆರೆಯುತ್ತದೆ, ಅಷ್ಟೆ.

ಪುರಾಣವನ್ನು ಹೀಗೆ ತಿದ್ದಬಹುದೇ ಎಂದು ಮಾಸ್ತಿಯವರಂಥ ಹಿರಿಯರು ಆಕ್ಷೇಪಿಸಿದರು. ಕುವೆಂಪು ಹಿಂದೆಗೆಯಲಿಲ್ಲ, ಏಕಲವ್ಯನನ್ನು ಕುರಿತು 'ಬೆರಳ್‌ಗೆ ಕೊರಳ್' ಬರೆದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು; ಕನ್ನಡಕ್ಕೆ ಅದೇ ಮೊದಲನೆಯದು. 1994ರ ನವೆಂಬರ್ 11ರಂದು ಅವರು ಮೈಸೂರಿನಲ್ಲಿ ನಿಧನರಾದರು.

ಕಳೆದ ರಜೆಯಲ್ಲಿ ಈ ನಾಟಕದ ಕಥೆಯನ್ನು ಮುತ್ಯಾನಿಗೆ ಹೇಳಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಾನು ತಂದ ಪುಸ್ತಕವೆಂದರೆ ಅವರಿಗೆ ಗೌರವ. ಬಾಣ ತಿರುಗಿದ್ದು ನಿಜವೇ ಎಂದು ಕೇಳಿದರು. ಹಳೆಯ ಪುರಾಣದಲ್ಲಿಲ್ಲ, ಮಲೆನಾಡಿನವರೊಬ್ಬರು ಹಾಗೆ ಬರೆದರು ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಆ ಓಣಿಯ ಮಾತು ತೆಗೆದರು. ಈ ಸಲ ಮಾತ್ರ ಅವರು ನಗಲಿಲ್ಲ.