ಬಸಿರಿಯರ ಬಂಧು ಡಾಕ್ಟರ್ ಲೂಸಿ ವಿಲ್ಸ್

ಗರ್ಭಿಣಿಯು ಉಣ್ಣುವ ಅನ್ನವಾಗಲಿ, ಸೇವಿಸುವ ಔಷಧವಾಗಲಿ ಆಕೆಯೊಬ್ಬಳದೇ ಅಲ್ಲ. ಒಡಲಿನ ಕೂಸಿಗೂ ಅದರಲ್ಲಿ ಪಾಲುಂಟು. ನಮ್ಮ ಅಜ್ಜಿಯಂದಿರು ಇದನ್ನು ಅನುಭವದಿಂದಲೇ ಅರಿತಿದ್ದರು. ಆದರೆ ಆ ಪಾಲು ಯಾವುದು, ಅದು ದೊರೆಯದೆ ಹೋದರೆ ತಾಯಿಗೂ ಶಿಶುವಿಗೂ ಒದಗುವ ಕೇಡೇನು ಎಂಬುದನ್ನು ಶಾಸ್ತ್ರೀಯವಾಗಿ ತಿಳಿಯಲು ನಡೆದ ಒಂದು ಮಹತ್ವದ ಶೋಧವು ಮುಂಬಯಿಯ ಪರೇಲಿನಲ್ಲಿರುವ ಹಾಫ್ಕಿನ್ ಸಂಸ್ಥೆಯಲ್ಲಿ ಆರಂಭವಾಯಿತು. ಅದನ್ನು ನಡೆಸಿದ ಇಂಗ್ಲಿಷ್ ವೈದ್ಯೆ ಡಾಕ್ಟರ್ ಲೂಸಿ ವಿಲ್ಸ್ ಅವರ ಹೆಸರು ವೈದ್ಯಲೋಕದಲ್ಲಿ ಪ್ರಖ್ಯಾತವಾದುದು.

ಲೂಸಿ ವಿಲ್ಸ್ ಅವರು 1888ರ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಮೀಪದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜನಿಸಿದರು. ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಅಭ್ಯಸಿಸಿ 1911ರಲ್ಲಿ ವ್ಯಾಸಂಗವನ್ನು ಮುಗಿಸಿದರು. ಅದೇ ವರ್ಷ ತಂದೆ ತೀರಿಕೊಂಡರು. 1913ರಲ್ಲಿ ಅಕ್ಕರೆಯ ಸಹೋದರಿಯೂ ಅಗಲಿದಳು. ಮೊದಲನೆಯ ಮಹಾಯುದ್ಧವು ಆರಂಭವಾದಾಗ ದಕ್ಷಿಣ ಆಫ್ರಿಕದಲ್ಲಿದ್ದ ಅವರು ಅಲ್ಲಿ ಕೆಲಕಾಲ ರೋಗಿಗಳ ಶುಶ್ರೂಷೆ ಮಾಡಿದರು. ಬಳಿಕ ಲಂಡನ್ನಿಗೆ ಮರಳಿ, ಸ್ತ್ರೀಯರಿಗಾಗಿಯೇ ಇದ್ದ ವೈದ್ಯಕೀಯ ಶಾಲೆಯನ್ನು ಸೇರಿ, 1920ರಲ್ಲಿ ವೈದ್ಯರಾದರು. ಆದರೆ ರೋಗಿಗಳಿಂದ ಶುಲ್ಕ ಪಡೆದು ವೃತ್ತಿ ನಡೆಸುವ ಮಾರ್ಗವನ್ನು ಹಿಡಿಯಲಿಲ್ಲ. ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಶಾಲೆಯೇ ಅವರ ಕಾರ್ಯಕ್ಷೇತ್ರವಾಯಿತು.

ಆ ಕಾಲದಲ್ಲಿ ನಮ್ಮ ದೇಶದ ಬಸಿರಿಯರನ್ನು ಒಂದು ಬಗೆಯ ಘೋರ ರಕ್ತಹೀನತೆ ಕಾಡುತ್ತಿತ್ತು. ಮುಂಬಯಿಯ ಬಡ ಸ್ತ್ರೀಯರಲ್ಲಿ, ಅದರಲ್ಲಿಯೂ ಬಟ್ಟೆ ಗಿರಣಿಗಳಲ್ಲಿ ದುಡಿಯುವವರಲ್ಲಿ, ಅದರ ಹಾವಳಿ ಹೆಚ್ಚು. ರಕ್ತದ ಕೆಂಪು ಕಣಗಳು ಸಂಖ್ಯೆಯಲ್ಲಿ ಇಳಿದು, ಗಾತ್ರದಲ್ಲಿ ಮಾತ್ರ ಸಹಜಕ್ಕಿಂತ ದೊಡ್ಡವಾಗಿ ಕಾಣುತ್ತಿದ್ದವು. ಗರ್ಭಿಣಿಯು ಬಿಳಿಚಿಕೊಂಡು, ಬವಳಿ ಬಂದು ಬೀಳುವಳು. ಎಷ್ಟೋ ವೇಳೆ ತಾಯಿಯೂ ಉಳಿಯುತ್ತಿರಲಿಲ್ಲ, ಕೂಸೂ ಉಳಿಯುತ್ತಿರಲಿಲ್ಲ. ಬಾಣಂತಿಯರ ಮರಣದ ಕಾರಣಗಳನ್ನು ಕುರಿತು ಇಲ್ಲಿ ವಿಚಾರಣೆ ನಡೆಸುತ್ತಿದ್ದ ಡಾಕ್ಟರ್ ಮಾರ್ಗರೆಟ್ ಬಾಲ್ಫರ್ ಅವರ ಕರೆಯ ಮೇರೆಗೆ ಲೂಸಿ ವಿಲ್ಸ್ ಅವರು 1928ರಲ್ಲಿ ಮುಂಬಯಿಗೆ ಬಂದಿಳಿದರು.

ರೋಗಾಣುವಿನ ಬೆನ್ನು ಹತ್ತುವುದರ ಜೊತೆಗೆ ಅವರು ಬಡವರ ಅಡುಗೆಮನೆಯನ್ನೂ ಪರೀಕ್ಷಿಸಿದರು. ಭಾರತೀಯ ಸಹೋದ್ಯೋಗಿಗಳೊಡನೆ ಬೇರೆ ಬೇರೆ ವರ್ಗಗಳ ಹೆಂಗಸರ ಊಟೋಪಚಾರವನ್ನೂ ವಾಸದ ಸ್ಥಿತಿಯನ್ನೂ ವಿಚಾರಿಸಿ ಬರೆದುಕೊಂಡರು. ಬಡ ಮುಸಲ್ಮಾನ ಕುಟುಂಬಗಳ ಸ್ತ್ರೀಯರ ಆಹಾರವು ಎಲ್ಲಕ್ಕಿಂತ ನಿಸ್ಸಾರವಾಗಿತ್ತು; ಬೇನೆಯೂ ಅವರಲ್ಲಿಯೇ ಅಧಿಕವಾಗಿತ್ತು. ಸೊಪ್ಪು, ಹಣ್ಣು, ಹಾಲು ಕಾಣದ ಆ ಊಟದಲ್ಲಿಯೇ ಏನೋ ಒಂದು ಕೊರತೆಯಿದೆಯೆಂದು ಅವರು ಊಹಿಸಿದರು.

1929ರಲ್ಲಿ ಅವರು ನೀಲಗಿರಿಯ ಕೂನೂರಿಗೆ ಹೋಗಿ, ಪೋಷಣಶಾಸ್ತ್ರದಲ್ಲಿ ಹೆಸರಾಂತ ರಾಬರ್ಟ್ ಮೆಕ್ಯಾರಿಸನ್ ಅವರಿದ್ದ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಅದೇ ನಿಸ್ಸಾರ ಆಹಾರವನ್ನು ಉಣಿಸಿ ನೋಡಿದರು. ಬಸುರಾದ ಇಲಿಗಳು ರಕ್ತ ಬತ್ತಿ ಸತ್ತವು. ಯೀಸ್ಟ್ ಬೆರೆಸಿದ ಆಹಾರ ತಿಂದವು ಚೇತರಿಸಿದವು. ಆ ಇಲಿಗಳಿಗೆ ಹೇನುಗಳಿಂದ ಬೇರೊಂದು ಸೋಂಕು ತಗುಲಿತ್ತೆಂಬುದು ಅನಂತರ ಗೊತ್ತಾದ್ದರಿಂದ ಆ ಪ್ರಯೋಗದ ಬೆಲೆ ಕುಂದಿತು. ಆದರೂ ಯೀಸ್ಟಿನತ್ತ ತಿರುಗಿದ ಅವರ ದೃಷ್ಟಿ ಹುಸಿಯಾಗಲಿಲ್ಲ.

ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು ಹೋಟೆಲಿನ ನಮ್ಮ ಬಂಧುಗಳೆಲ್ಲ ಬಲ್ಲರು. ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ತೆಗೆದ ಕಪ್ಪು ಸಾರವೊಂದು ಮಾರ್ಮೈಟ್ ಎಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಮಾರಾಟವಾಗುತ್ತಿತ್ತು. ರೊಟ್ಟಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥವದು. ಅದನ್ನು ಮುಂಬಯಿಯ ರೋಗಪೀಡಿತ ಬಸಿರಿಯರಿಗೆ ಕೊಡಲಾಗಿ, ಬತ್ತಿದ ರಕ್ತವು ಬೇಗನೆ ತುಂಬಿಕೊಂಡಿತು. 1931ರಲ್ಲಿ ಈ ಫಲಿತಾಂಶವು ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಮದರಾಸಿನ ಕಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿಯೂ ಕೆಲಸ ಮಾಡಿದರು. ತಿರುವಲ್ಲಿಕ್ಕೇಣಿಯ ಕಸ್ತೂರಬಾ ಗಾಂಧಿ ಆಸ್ಪತ್ರೆಯೆಂದು ಇಂದು ಪ್ರಸಿದ್ಧವಾಗಿರುವುದು ಅದೇ. ಮುಂದೆ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಅವರ ಶೋಧವನ್ನು ದೃಢಪಡಿಸಿದವು.

ಯೀಸ್ಟಿನಲ್ಲಿ ಅಡಗಿದ್ದ ಆ ಅಜ್ಞಾತ ಸತ್ವಕ್ಕೆ ವಿದ್ವಾಂಸರು ವಿಲ್ಸ್ ಸತ್ವವೆಂದೇ ಹೆಸರಿಟ್ಟರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ಲೂಸಿ ವಿಲ್ಸ್ ಅವರು ಯೀಸ್ಟಿನಲ್ಲಿ ಕಂಡುದು ಇದೇ ವರ್ಗದ ಜೀವಸತ್ವ. ಹೊಸ ಜೀವಕಣಗಳು ಹುಟ್ಟುವುದಕ್ಕೆ ಇದು ಅತ್ಯವಶ್ಯ. ಕ್ಷಣಕ್ಷಣಕ್ಕೂ ಕಣಗಳು ಇಮ್ಮಡಿಸುತ್ತ ಬೆಳೆಯುವ ಭ್ರೂಣಕ್ಕಂತೂ ಇದಿಲ್ಲದೆ ಗತಿಯಿಲ್ಲ.

ಈ ಸತ್ಯದ ಕರಾಳ ಮುಖವೂ ಬಹುಬೇಗ ಕಾಣಿಸಿತು. ಫೋಲಿಕ್ ಆಮ್ಲವನ್ನೇ ಹೋಲುತ್ತ, ಅದರ ಕಾರ್ಯಕ್ಕೆ ಅಡ್ಡಿಪಡಿಸುವ ಅಮಿನಾಪ್ಟರಿನ್ ಎಂಬ ಔಷಧವು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಕೆಗೆ ಬಂದಿತ್ತು. ಅದನ್ನು ಕೆಲವು ಬಸಿರಿಯರಿಗೆ ಗರ್ಭಪಾತಕ್ಕಾಗಿ ಕೊಟ್ಟ ಪ್ರಸಂಗಗಳು 1952ರಲ್ಲಿ ವರದಿಯಾದವು. ಗರ್ಭವು ಇಳಿಯದೆ ಉಳಿದ ಕಡೆ ಅಂಗವಿಕಲ ಶಿಶುಗಳು ಹುಟ್ಟಿದ್ದವು. ಅದರ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಸಂಧಿವಾತಕ್ಕೆ ಬಳಕೆಯಲ್ಲಿದೆ. ಗರ್ಭಿಣಿಯರಿಗೆ ಅದು ನಿಷಿದ್ಧ. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್‌ಪ್ರೋಯೇಟ್ ಎಂಬ ಔಷಧವು ಕೂಡ ಶಿಶುವಿನ ಬೆನ್ನುಹುರಿಗೆ ಕೇಡು ತರಬಲ್ಲದು. ಹಾಗೆಂದು ಅದನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯಕರ. ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಂಡು ಔಷಧವನ್ನು ಬದಲಿಸಿಕೊಳ್ಳಬೇಕು.

ಲೂಸಿ ವಿಲ್ಸ್ ಅವರು 1937-38ರಲ್ಲಿ ಮತ್ತೊಮ್ಮೆ ಹಾಫ್ಕಿನ್ ಸಂಸ್ಥೆಗೆ ಬಂದು ಕೆಲಸ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಸಿರಿಯರಿಗೆ ಕಬ್ಬಿಣದ ಔಷಧವನ್ನು ಕೊಟ್ಟು ಅದರ ಪರಿಣಾಮವನ್ನು ಪರೀಕ್ಷಿಸಿದರು. 1947ರಲ್ಲಿ ನಿವೃತ್ತರಾದ ಬಳಿಕವೂ ಜಮೈಕಾ, ಫಿಜಿ ಮುಂತಾದೆಡೆ ಸಂಚರಿಸಿ ಪೋಷಣೆಯ ಸಮಸ್ಯೆಗಳನ್ನು ಅಭ್ಯಸಿಸಿದರು. ಲಂಡನ್ನಿನ ಚೆಲ್ಸೀ ನಗರಸಭೆಗೆ ಕಾರ್ಮಿಕ ಪಕ್ಷದಿಂದ ಆರಿಸಿ ಬಂದರು. ಅವರು ಅವಿವಾಹಿತರು, ಸರಳ ಜೀವಿ, ಆಸ್ಪತ್ರೆಗೆ ಬೈಸಿಕಲ್ ಏರಿಯೇ ಹೋಗುತ್ತಿದ್ದರು. 1964ರ ಏಪ್ರಿಲ್ 16ರಂದು ನಿಧನ ಹೊಂದಿದರು.

ತಮ್ಮ ಶೋಧದ ಪೂರ್ಣಫಲವನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ. ತಾಯಿಯ ದೇಹದಲ್ಲಿ ಈ ಸತ್ವವು ಸಾಲದಾದಾಗ ಕೆಲವು ಶಿಶುಗಳು ತಲೆಬುರುಡೆ ಮುಚ್ಚದೆ, ಬೆನ್ನುಹುರಿ ತೆರೆದುಕೊಂಡು ಜನಿಸುತ್ತವೆಯೆಂಬ ಸಂಶಯ ಮುಂದೆ ಬಲವಾಯಿತು. ಅಂತಹ ಶಿಶುವನ್ನು ಒಮ್ಮೆ ಹೆತ್ತಿದ್ದ ತಾಯಂದಿರನ್ನು ಏಳು ದೇಶಗಳಲ್ಲಿ ಸೇರಿಸಿಕೊಂಡು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 1991ರಲ್ಲಿ ಹೊರಬಿತ್ತು. ಫೋಲಿಕ್ ಆಮ್ಲ ಸೇವಿಸಿದವರ ಗುಂಪಿನಲ್ಲಿ ಇಂತಹ ದೋಷವು 6 ಶಿಶುಗಳಲ್ಲಿ ಮಾತ್ರ ಕಂಡಿತು. ಸೇವಿಸದವರ ಗುಂಪಿನಲ್ಲಿ 21 ಶಿಶುಗಳಲ್ಲಿ. ಅಪಾಯವು 100ಕ್ಕೆ 72ರಷ್ಟು ಇಳಿದಿತ್ತು.

ಇಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. ಶಿಶುವಿನ ಬೆನ್ನುಹುರಿಯ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೇ ಮುಚ್ಚಿಕೊಳ್ಳುತ್ತದೆ. ತಾನು ಬಸಿರಿಯೆಂದು ಎಷ್ಟೋ ಹೆಂಗಸರಿಗೆ ಅಷ್ಟರಲ್ಲಿ ತಿಳಿದೇ ಇರುವುದಿಲ್ಲ. ರಜೆಯಲ್ಲಿ ಊರಿಗೆ ಹೋಗಿ ಬಂದ ಗಂಡನಿಗೆ ಶುಭವಾರ್ತೆ ಮುಟ್ಟುವ ಹೊತ್ತಿಗೆ ಆ ಗಳಿಗೆ ಕಳೆದೇ ಹೋಗಿರುತ್ತದೆ. ಆದ್ದರಿಂದ ಮಗುವನ್ನು ಬಯಸುವ ದಂಪತಿಗಳು ಮೊದಲೇ ವೈದ್ಯರನ್ನು ವಿಚಾರಿಸಿ, ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಆರಂಭಿಸುವುದು ಉಚಿತ. ಹಿಂದೆ ಇಂತಹ ಶಿಶುವನ್ನು ಹೆತ್ತವರಿಗೆ ವೈದ್ಯರು ಹೆಚ್ಚಿನ ಪ್ರಮಾಣವನ್ನು ಸೂಚಿಸುತ್ತಾರೆ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಬೆರೆತ ಕೆಂಪು ಗುಳಿಗೆಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಸೊಪ್ಪು, ಹೆಸರು, ಅಲಸಂದೆಗಳು ಊಟದಲ್ಲಿರಲಿ. ಸೊಪ್ಪನ್ನು ಅತಿಯಾಗಿ ಬೇಯಿಸಿ ನೀರನ್ನು ಚೆಲ್ಲಿದರೆ ಸತ್ವವೂ ಚೆಲ್ಲಿಹೋಗುವುದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಗುಳಿಗೆಯನ್ನು ಮಾತ್ರ ಬಸಿರಿಗೆ ಕೊಡಲಾಗದು.

ಗಿರಣಿಗಳಲ್ಲಿ ದುಡಿದ ಬಡ ಹೆಂಗಸರ ನೋವಿನಿಂದ ಹುಟ್ಟಿದ ಈ ಅರಿವು ಇಂದು ಲೋಕದ ತಾಯಂದಿರನ್ನೆಲ್ಲ ಕಾಯುತ್ತಿದೆ. ಕೆಲವು ಕಾಸಿನ ಬೆಲೆಯ ಗುಳಿಗೆಯೊಂದು ಸಕಾಲದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ಕೈಸೇರುವಂತೆ ನೋಡಿಕೊಳ್ಳುವುದೇ ಆ ಮಹಾಮಹಿಳೆಗೆ ನಾವು ಸಲ್ಲಿಸಬಹುದಾದ ಗೌರವ.