ಕಂದಾಯ ಕೊಡುವವನ ಹಕ್ಕು



ಕರುವಿಗೆ ಬಿಟ್ಟು ಹಾಲು ಕರೆದರೆ ಕೊಟ್ಟಿಗೆ ತುಂಬುತ್ತದೆ. ಕೊನೆಯ ಹನಿಯನ್ನೂ ಹಿಂಡಿದರೆ ಬರಿದಾಗುತ್ತದೆ. ಪ್ರಜೆಗಳಿಂದ ಕರ ಪಡೆಯುವ ಪ್ರಭುತ್ವಕ್ಕೂ ಇದೇ ಧರ್ಮ. ಇದನ್ನು ನಡೆದು ತೋರಿದವರು ಸರದಾರ ವಲ್ಲಭಭಾಯಿ ಪಟೇಲರು.

1875ರ ಅಕ್ಟೋಬರ್ 31ರಂದು ಗುಜರಾತಿನ ನಡಿಯಾದದಲ್ಲಿ ಒಕ್ಕಲು ಮನೆತನದಲ್ಲಿ ಜನಿಸಿದ ಅವರು, ವಿಲಾಯತಿಯಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಅಹಮದಾಬಾದಿನಲ್ಲಿ ಹೆಸರಾಂತ ವಕೀಲರಾದರು. 1917ರ ಅತಿವೃಷ್ಟಿಯಿಂದ ಖೇಡಾ ಜಿಲ್ಲೆಯ ಬೆಳೆ ಹಾಳಾಯಿತು. ರೂಪಾಯಿಗೆ ನಾಲ್ಕಾಣೆಗಿಂತ ಕಡಿಮೆ ಬೆಳೆ ಬಂದರೆ ಆ ವರ್ಷದ ವಸೂಲಿಯನ್ನು ತಡೆಯಬೇಕೆಂಬುದು ಸರಕಾರದ್ದೇ ನಿಯಮವಾಗಿತ್ತು. ಅಧಿಕಾರಿಗಳು ಅದನ್ನು ಲಕ್ಷಿಸಲಿಲ್ಲ. 1918ರಲ್ಲಿ ವಲ್ಲಭಭಾಯಿ ವಕೀಲಿ ಬದಿಗಿಟ್ಟು ಗಾಂಧೀಜಿಯವರೊಡನೆ ಹಳ್ಳಿಹಳ್ಳಿ ತಿರುಗಿದರು. ಬಡವರ ವಸೂಲಿ ನಿಲ್ಲಿಸಿದರೆ ತಾವು ಪೂರ್ತಿ ಕಟ್ಟುವುದಾಗಿ ಉಳ್ಳ ರೈತರು ಪ್ರತಿಜ್ಞೆ ಮಾಡಿದ್ದರು. ಅದು ಕರಗಳ್ಳತನವಲ್ಲ, ನೆರೆಯವನ ಹೊಟ್ಟೆಯ ಚಿಂತೆ.

1924ರಿಂದ ಅಹಮದಾಬಾದ್ ನಗರಸಭೆಯ ಅಧ್ಯಕ್ಷರಾಗಿ ಕರ ಪಡೆಯುವ ಸ್ಥಾನದಲ್ಲೂ ಅವರು ಕುಳಿತರು. ಕುಡಿಯುವ ನೀರು, ಚರಂಡಿಗಳ ಕೆಲಸಕ್ಕೆ ಮನಸ್ಸಿಟ್ಟರು.

ಆಮೇಲೆ ಬಂದದ್ದು ಬಾರ್ಡೋಲಿ. ಮುಂಬಯಿ ಸರಕಾರ ಆ ತಾಲೂಕಿನ ಭೂಕಂದಾಯವನ್ನು ನೂರಕ್ಕೆ 22ರಷ್ಟು ಏರಿಸಿತು. 1928ರ ಫೆಬ್ರುವರಿಯಲ್ಲಿ ರೈತರು ಕಟ್ಟುವುದನ್ನು ನಿಲ್ಲಿಸಿದರು. ಅವರ ಬೇಡಿಕೆ ಸರಳ: ಹಳೆಯ ಕಂದಾಯವನ್ನೇ ಪೂರ್ತಿಯೆಂದು ಸ್ವೀಕರಿಸಿರಿ, ಇಲ್ಲವೇ ನಿಷ್ಪಕ್ಷಪಾತ ವಿಚಾರಣೆ ನಡೆಸಿರಿ. ಸರಕಾರ ಎಮ್ಮೆಗಳನ್ನು ಜಪ್ತಿ ಮಾಡಿತು, ಹೊಲಗಳನ್ನು ಮುಟ್ಟುಗೋಲು ಹಾಕಿತು. ಜನ ದನಕರುಗಳೊಡನೆ ಮನೆಯೊಳಗೆ ಬಾಗಿಲಿಕ್ಕಿಕೊಂಡು ಕುಳಿತರು. ಕೈ ಮಾತ್ರ ಎತ್ತಲಿಲ್ಲ. ಎಷ್ಟೋ ಊರ ಪಟೇಲರು, ತಲಾಟಿಗಳು ಕೆಲಸ ಬಿಟ್ಟರು. ವಲ್ಲಭಭಾಯಿ ಜನರ ಬಾಯಲ್ಲಿ ಸರದಾರರಾದರು. ಆಗಸ್ಟಿನಲ್ಲಿ ಸರಕಾರ ಮಣಿಯಿತು. ವಿಚಾರಣೆ ನಡೆದಾಗ ನ್ಯಾಯವಾದ ಏರಿಕೆ ನೂರಕ್ಕೆ ಸುಮಾರು 6 ಮಾತ್ರವೆಂದು ತಿಳಿಯಿತು. ಕೇಳದಿದ್ದರೆ 22 ರೂಪಾಯಿಯೂ ನ್ಯಾಯವೆಂದೇ ಉಳಿಯುತ್ತಿತ್ತು.

ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಅಂಕೋಲಾ, ಸಿದ್ದಾಪುರಗಳ ರೈತರೂ 1930ರ ಬಳಿಕ ಕರನಿರಾಕರಣೆಗಿಳಿದು ಹೊಲಮನೆ ಕಳೆದುಕೊಂಡದ್ದನ್ನು ಆ ಭಾಗದ ಹಿರಿಯರು ತಮ್ಮ ಮನೆಗಳಲ್ಲಿ ಕೇಳಿರಬಹುದು.

ಸ್ವತಂತ್ರ ಭಾರತದ ಉಪಪ್ರಧಾನಿಯಾಗಿ ಸಂಸ್ಥಾನಗಳನ್ನು ಒಂದುಗೂಡಿಸಿದ ಸರದಾರರು 1950ರ ಡಿಸೆಂಬರ್ 15ರಂದು ದೇಹ ಬಿಟ್ಟರು.

ಭಕ್ತರೇ, ಇಂದು ಸರಕಾರ ಪರರದಲ್ಲ, ನಮ್ಮದೇ. ಆದ್ದರಿಂದ ಕೊಡಬೇಕಾದ ಕರವನ್ನು ಬಚ್ಚಿಡುವುದು ನೆರೆಯವನ ಪಾಲನ್ನು ಕದ್ದಂತೆ. ಆದರೆ ಕೊಟ್ಟ ಮೇಲೆ ಲೆಕ್ಕ ಕೇಳದಿರುವುದೂ ಲೋಪವೇ. ಪಂಚಾಯಿತಿಗೆ ಮನೆಗಂದಾಯ ಕಟ್ಟಿರಿ. ಗ್ರಾಮಸಭೆಗೆ ಹೋಗಿ, ಆ ಹಣ ಯಾವ ಕೇರಿಯ ನೀರಾಯಿತು, ಯಾವ ದಾರಿಯ ದೀಪವಾಯಿತು ಎಂದು ವಿನಯದಿಂದ, ಆದರೆ ಅಂಜದೆ ಕೇಳಿರಿ. ಕೊಡುವವನು ಕೇಳಬೇಕು, ಪಡೆಯುವವನು ಹೇಳಬೇಕು. ಇವೆರಡೂ ಇದ್ದಲ್ಲಿ ನಾಡು ನಿಲ್ಲುತ್ತದೆ.